ಸ್ಟೆಪರ್ ಡ್ರೈವರಿಗೆ ಎರವಲು ಅಂಕಿ ಒಗ್ಗದು

ಸಣ್ಣ ಸಿಎನ್‌ಸಿ ರೌಟರಿನ ಪರದೆಯಲ್ಲಿ ಎಕ್ಸ್ ಅಕ್ಷದ ಮುಂದೆ 100.000 ಎಂದು ಮೂಡಿದರೆ ಸ್ಪಿಂಡಲ್ 100 ಮಿಲಿಮೀಟರ್ ಸರಿದಿದೆ ಎಂದೇ ಓದಿಕೊಳ್ಳುತ್ತೇವೆ. ಆದರೆ ಅದನ್ನು ಯಾರೂ ಅಳೆದಿರುವುದಿಲ್ಲ. ನಿಯಂತ್ರಣ ತಂತ್ರಾಂಶ ಡ್ರೈವರ್ ಬೋರ್ಡಿಗೆ ಎಷ್ಟು ಪಲ್ಸ್ ಕಳಿಸಿತೋ ಅದರ ಎಣಿಕೆಯಷ್ಟೇ ಆ ಅಂಕಿ. ಮೋಟರಿನ ವೈರು ಕಳಚಿದ್ದರೂ, ಕಟರ್ ಮರದ ಗಂಟಿಗೆ ಸಿಕ್ಕಿ ನಿಂತಿದ್ದರೂ, ಡ್ರೈವರ್ ಬಿಸಿಯೇರಿ ತಾನಾಗಿಯೇ ಆಫ್ ಆಗಿದ್ದರೂ ಪರದೆ ಅದೇ 100.000 ಅನ್ನು ತೋರಿಸುತ್ತಿರುತ್ತದೆ. ಓಪನ್ ಲೂಪ್ ಎಂದು ಕರೆಯುವ ಈ ವ್ಯವಸ್ಥೆಯಲ್ಲಿ ಆಜ್ಞೆ ಹೋಗುತ್ತದೆ, ವರದಿ ಮಾತ್ರ ವಾಪಸ್ ಬರುವುದಿಲ್ಲ. ಹಾಗಾಗಿ ಡ್ರೈವರ್ ಬೋರ್ಡನ್ನೂ ತಂತ್ರಾಂಶವನ್ನೂ ಹೊಂದಿಸುವಾಗ ತಪ್ಪು ಅಂಕಿ ಕೊಟ್ಟರೆ ಯಾವ ಎಚ್ಚರಿಕೆಯ ಗಂಟೆಯೂ ಬಾರಿಸುವುದಿಲ್ಲ. ಯಂತ್ರ ಓಡುತ್ತದೆ, ಮೋಟರು ತಿರುಗುತ್ತದೆ, ಮೊದಲ ನಾಲ್ಕು ತುಂಡುಗಳು ಚೆನ್ನಾಗಿಯೇ ಬರುತ್ತವೆ. ಐದನೆಯದರಲ್ಲಿ ರಂಧ್ರ ಒಂದೂವರೆ ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ.

ಇಂಥ ವ್ಯವಸ್ಥೆಗೆ ನಾವು ಅಂಕಿ ತುಂಬುವ ಬಗೆ ಮಾತ್ರ ವಿಚಿತ್ರ. ಯಾರದೋ ವಿಡಿಯೊ ನೋಡಿ ಸೆಟ್ಟಿಂಗ್ಸ್ ಪಟ್ಟಿಯನ್ನು ಹಾಗೇ ಬರೆದುಕೊಳ್ಳುತ್ತೇವೆ, ಇಲ್ಲವೇ ಬೋರ್ಡ್ ಮಾರಿದವರು ಬಾಯಲ್ಲಿ ಹೇಳಿದ್ದನ್ನು ನಂಬುತ್ತೇವೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೋ ಆನ್‌ಲೈನಿನಲ್ಲೋ ಕೊಂಡ ಬೋರ್ಡಿನ ಜೊತೆ ಕೈಪಿಡಿ ಸಿಗುವುದು ಅಪರೂಪವಾದ್ದರಿಂದ ಇದು ಅರ್ಥವಾಗುವ ಅಭ್ಯಾಸವೇ. ಆದರೂ ಇದು ಕೆಲಸಕ್ಕೆ ಬಾರದು ಎಂಬುದು ಈ ಲೇಖನದ ವಾದ. ಡ್ರೈವರಿನ ಸ್ವಿಚ್ಚಿಗೂ ತಂತ್ರಾಂಶದ ಖಾನೆಗೂ ಹೋಗುವ ಪ್ರತಿ ಅಂಕಿಯೂ ನಿಮ್ಮದೇ ಮೋಟರು, ಸ್ಕ್ರೂ ಮತ್ತು ಬೋರ್ಡಿನಿಂದ ಹುಟ್ಟಬೇಕು, ಅದೂ ಯಂತ್ರದ ಕಡೆಯಿಂದ ಪರದೆಯ ಕಡೆಗೆ ಎಂಬ ಕ್ರಮದಲ್ಲಿ. ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಯಂತ್ರವನ್ನು ಮುಂದಿಟ್ಟುಕೊಳ್ಳೋಣ: ಹೆಜ್ಜೆಗೆ 1.8 ಡಿಗ್ರಿ ತಿರುಗುವ, 2.8 ಆಂಪಿಯರಿನ ನೇಮಾ 23 ಮೋಟರುಗಳು, 16 ಮಿ.ಮೀ. ವ್ಯಾಸ ಮತ್ತು 5 ಮಿ.ಮೀ. ಲೀಡಿನ 1605 ಬಾಲ್‌ಸ್ಕ್ರೂ, 36 ವೋಲ್ಟಿನ ಪವರ್ ಸಪ್ಲೈ, ಟಿಬಿ6600 ಎಂದು ಹೆಸರು ಹೊತ್ತ ಡ್ರೈವರ್ ಪೆಟ್ಟಿಗೆಗಳು, ಆರ್ಡುಯಿನೊ ಊನೊ ಮೇಲೆ ಜಿಆರ್‌ಬಿಎಲ್ 1.1. ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ 2009ರಲ್ಲಿ ಶುರುಮಾಡಿದ ಈ ಮುಕ್ತ ತಂತ್ರಾಂಶವೇ ಇಂದು ಹವ್ಯಾಸಿಗಳ ಮತ್ತು ಸಣ್ಣ ವರ್ಕ್‌ಶಾಪ್‌ಗಳ ಅತಿ ಪರಿಚಿತ ನಿಯಂತ್ರಕ. ಮ್ಯಾಕ್3 ಅಥವಾ ಲಿನಕ್ಸ್‌ಸಿಎನ್‌ಸಿ ಬಳಸುವವರಿಗೂ ತರ್ಕ ಇದೇ, ಖಾನೆಗಳ ಹೆಸರು ಮಾತ್ರ ಬೇರೆ.

ಮೊದಲು ಕರೆಂಟ್. ಎರವಲು ಅಂಕಿ ಎಷ್ಟು ಅಪಾಯಕಾರಿ ಎಂಬುದಕ್ಕೆ ಪುಟ್ಟ ಎ4988 ಬೋರ್ಡಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅದರ ಮೇಲಿನ ಸಣ್ಣ ತಿರುಪನ್ನು ತಿರುಗಿಸಿ ವಿ-ರೆಫ್ ವೋಲ್ಟೇಜನ್ನು ಹೊಂದಿಸಬೇಕು. ‘0.8 ವೋಲ್ಟಿಗೆ ಇಡಿ’ ಎಂಬ ಸಲಹೆ ಎಲ್ಲೆಡೆ ಓಡಾಡುತ್ತದೆ. ಆದರೆ ಮೋಟರಿಗೆ ಹೋಗುವ ಕರೆಂಟ್ ಎಂದರೆ ವಿ-ರೆಫ್ ಅನ್ನು ಸೆನ್ಸ್ ರೆಸಿಸ್ಟರಿನ ಎಂಟು ಪಟ್ಟಿನಿಂದ ಭಾಗಿಸಿದಾಗ ಬರುವ ಅಂಕಿ. ಆ ರೆಸಿಸ್ಟರ್ ಎಲ್ಲ ಬೋರ್ಡುಗಳಲ್ಲೂ ಒಂದೇ ಅಲ್ಲ. ಮೇಲೆ ‘ಆರ್100’ ಎಂದು ಬರೆದಿದ್ದರೆ 0.1 ಓಮ್, ಆಗ 0.8 ವೋಲ್ಟಿಗೆ 1 ಆಂಪಿಯರ್. ‘ಆರ್050’ ಎಂದಿದ್ದರೆ 0.05 ಓಮ್, ಆಗ ಅದೇ 0.8 ವೋಲ್ಟಿಗೆ 2 ಆಂಪಿಯರ್. ಅದೇ ಸಾಕೆಟ್ಟಿನಲ್ಲಿ ಕೂರುವ ಡಿಆರ್‌ವಿ8825 ಬೋರ್ಡಿನಲ್ಲಿ ಎಂಟರ ಬದಲು ಐದರಿಂದ ಗುಣಿಸಬೇಕಾದ್ದರಿಂದ, 0.1 ಓಮ್ ರೆಸಿಸ್ಟರಿದ್ದರೆ, 1.6 ಆಂಪಿಯರ್. ನೋಡಲು ಅವಳಿಗಳಂತಿರುವ ಮೂರು ಬೋರ್ಡುಗಳು, ಒಂದೇ ಸಲಹೆ, ಫಲ ಮಾತ್ರ ಮೂರು ಬಗೆ. ಹೀಟ್‌ಸಿಂಕ್ ಇಲ್ಲದ ಎ4988 ಸುಮಾರು 1 ಆಂಪಿಯರಿಗೇ ಸುಸ್ತಾಗುತ್ತದೆ. 2 ಆಂಪಿಯರ್ ಕೇಳಿದರೆ ತನ್ನನ್ನು ತಾನು ಕಾಪಾಡಿಕೊಳ್ಳಲು ನಡುನಡುವೆ ಆಫ್ ಆಗುತ್ತದೆ, ಪರದೆಗೆ ಅದರ ಸುಳಿವೂ ಸಿಗುವುದಿಲ್ಲ. ರೆಸಿಸ್ಟರಿನ ಮೇಲಿನ ಮೂರು ಅಂಕಿಗಳನ್ನು ಭೂತಗನ್ನಡಿಯಲ್ಲಿ ಓದುವ ಅರ್ಧ ನಿಮಿಷದ ಕೆಲಸವನ್ನು ಯಾವ ಸಲಹೆಯೂ ತಪ್ಪಿಸಲಾರದು.

ನಮ್ಮ ಉದಾಹರಣೆಯ ದೊಡ್ಡ ಪೆಟ್ಟಿಗೆಗಳಲ್ಲಿ ತಿರುಪಿನ ಬದಲು ಸಣ್ಣ ಡಿಪ್ ಸ್ವಿಚ್ಚುಗಳಿವೆ, ಪಕ್ಕದಲ್ಲೇ ಕೋಷ್ಟಕ ಅಚ್ಚಾಗಿದೆ. ಇಲ್ಲಿಯ ಗೊಂದಲ ಬೇರೆ. ಮೈಕ್ರೋಸ್ಟೆಪ್ ಮಾಡುವ ಡ್ರೈವರ್ ಕಳಿಸುವ ಕರೆಂಟ್ ಅಲೆಯಂತೆ ಏರಿಳಿಯುತ್ತದೆ. ಅಲೆಯ ತುದಿಯ ಬೆಲೆ ಒಂದು, ಕಾಯಿಸುವ ಲೆಕ್ಕದ ಆರ್‌ಎಂಎಸ್ ಬೆಲೆ ಇನ್ನೊಂದು, ಇವೆರಡರ ನಡುವೆ ಸುಮಾರು 1.4 ಪಟ್ಟಿನ ವ್ಯತ್ಯಾಸ. ಡಿಎಂ542 ಡ್ರೈವರಿನ ಕೋಷ್ಟಕದಲ್ಲಿ ಇದು ಸ್ವಚ್ಛವಾಗಿ ಕಾಣುತ್ತದೆ: ತುದಿ 4.2 ಆಂಪಿಯರ್ ಆದರೆ ಆರ್‌ಎಂಎಸ್ 3.0. ಟಿಬಿ6600 ಪೆಟ್ಟಿಗೆಗಳ ಚೀಟಿಯಲ್ಲಿ 3.5ರ ಎದುರು 4.0 ಎಂದಿರುತ್ತದೆ, ಆ ಗಣಿತ ಯಾವ ಅಲೆಗೂ ಕೂಡಿಬರುವುದಿಲ್ಲ. ಅಷ್ಟೇಕೆ, ಆ ಹೆಸರಿನ ಎಷ್ಟೋ ಪೆಟ್ಟಿಗೆಗಳ ಒಳಗಿರುವುದು ತೋಶಿಬಾದ್ದೇ ಆದರೂ ಬೇರೆ ಚಿಪ್, ಟಿಬಿ67ಎಸ್109. ಹೆಸರನ್ನೇ ನಂಬಲಾಗದ ಪೆಟ್ಟಿಗೆಯ ಚೀಟಿಯನ್ನು ದಶಮಾಂಶದವರೆಗೆ ನಂಬುವುದು ಬೇಡ. 2.8 ಆಂಪಿಯರ್ ಮೋಟರಿಗೆ 2.5ರಿಂದ ಶುರುಮಾಡಿ, ಒಂದು ಗಂಟೆ ಓಡಿಸಿ ಬಿಸಿ ನೋಡಿ, ಅಗತ್ಯ ಬಿದ್ದರೆ ಒಂದು ಮೆಟ್ಟಿಲು ಏರಿಸಿ. ಬಹಳಷ್ಟು ಸ್ಟೆಪರುಗಳ ಮಾಹಿತಿ ಹಾಳೆ ಕೋಣೆಯ ಉಷ್ಣತೆಗಿಂತ 80 ಡಿಗ್ರಿವರೆಗೆ ಏರಿಕೆಯನ್ನು ಒಪ್ಪುತ್ತದೆ. ಕೈ ಸುಡುವ ಮೋಟರ್ ಎಂದರೆ ಕೆಟ್ಟ ಮೋಟರ್ ಅಲ್ಲ, ಆದರೆ ಕೈ ಸುಡುವ ಡ್ರೈವರ್ ಪೆಟ್ಟಿಗೆಗೆ ಫ್ಯಾನ್ ಬೇಕೇ ಬೇಕು.

ಕರೆಂಟ್ ಹೆಚ್ಚಿದಷ್ಟೂ ಟಾರ್ಕ್ ಹೆಚ್ಚಲ್ಲವೇ, ಹೆಜ್ಜೆ ತಪ್ಪುವುದೂ ಕಡಿಮೆಯಲ್ಲವೇ ಎಂದು ಕೇಳಬಹುದು. ನಿಧಾನ ವೇಗದಲ್ಲಿ ಈ ಮಾತು ನಿಜ. ವೇಗ ಹೆಚ್ಚಿದಂತೆ ಮೋಟರಿನ ಸುರುಳಿಗಳ ಇಂಡಕ್ಟನ್ಸ್ ಕರೆಂಟನ್ನು ಏರಗೊಡುವುದಿಲ್ಲ. ಸ್ವಿಚ್ಚಿನಲ್ಲಿ 3 ಆಂಪಿಯರ್ ಇಟ್ಟರೂ ಸುರುಳಿಗೆ ಅದು ತಲುಪುವಷ್ಟರಲ್ಲಿ ಮುಂದಿನ ಹೆಜ್ಜೆ ಬಂದಿರುತ್ತದೆ. ಅಲ್ಲಿ ನೆರವಾಗುವುದು ವೋಲ್ಟೇಜ್. ಗೆಕೊಡ್ರೈವ್ ಕಂಪನಿ ಪ್ರಚಾರಕ್ಕೆ ತಂದ ಒಂದು ಸೂತ್ರವಿದೆ: ಮಿಲಿಹೆನ್ರಿಯಲ್ಲಿರುವ ಇಂಡಕ್ಟನ್ಸಿನ ವರ್ಗಮೂಲವನ್ನು 32ರಿಂದ ಗುಣಿಸಿದರೆ ಆ ಮೋಟರಿಗೆ ಒಗ್ಗುವ ಗರಿಷ್ಠ ವೋಲ್ಟೇಜ್ ಸಿಗುತ್ತದೆ. 2.25 ಮಿಲಿಹೆನ್ರಿಯ ಮೋಟರಿಗೆ ಅದು 48 ವೋಲ್ಟ್. ಅದು ಮೇಲ್ಮಿತಿ ಮಾತ್ರ, ಡ್ರೈವರಿನ ಮಿತಿ ಅದಕ್ಕಿಂತ ಕಡಿಮೆಯಿದ್ದರೆ ಡ್ರೈವರಿನ ಮಾತೇ ನಡೆಯಬೇಕು. ಅದೇ ಮೋಟರನ್ನು 12 ವೋಲ್ಟಿನಲ್ಲಿ ಓಡಿಸಿ ಬರೆದ ವೇಗದ ಸೆಟ್ಟಿಂಗ್ 36 ವೋಲ್ಟಿನವರಿಗೆ ಜುಗ್ಗತನವಾಗಿ ಕಾಣುತ್ತದೆ, ತಿರುಗಿಸಿ ಎರವಲು ಕೊಟ್ಟರೆ ಯಂತ್ರ ಕಿರುಚಿಕೊಂಡು ನಿಲ್ಲುತ್ತದೆ. ವೈರಿನ ವಿಷಯದಲ್ಲಿ ಹೇಳಬೇಕಾದ್ದು ಕಡಿಮೆ. ಒಂದೇ ಸುರುಳಿಯ ಎರಡು ತುದಿಗಳನ್ನು ಮೀಟರಿನಿಂದ ಗುರುತಿಸಿ, ವೈರಿನ ಬಣ್ಣವನ್ನು ನಂಬಬೇಡಿ. ಮತ್ತು ವಿದ್ಯುತ್ ಇರುವಾಗ ಮೋಟರಿನ ವೈರನ್ನು ಎಂದಿಗೂ ಕಳಚಬೇಡಿ. ಡ್ರೈವರ್ ಸುಡಲು ಆ ಒಂದು ಕಿಡಿ ಸಾಕು.

ಎರಡನೆಯದು ಮೈಕ್ರೋಸ್ಟೆಪ್, ಈ ಕ್ಷೇತ್ರದ ದೊಡ್ಡ ಮೂಢನಂಬಿಕೆ ಮನೆಮಾಡಿರುವುದು ಇಲ್ಲೇ. 1.8 ಡಿಗ್ರಿಯ ಮೋಟರ್ ಒಂದು ಸುತ್ತಿಗೆ 200 ಪೂರ್ಣ ಹೆಜ್ಜೆ ಇಡುತ್ತದೆ. ಡ್ರೈವರ್ ಪ್ರತಿ ಹೆಜ್ಜೆಯನ್ನು 8, 16 ಅಥವಾ 32 ಪಾಲು ಮಾಡಬಲ್ಲದು. 32 ಪಾಲಾದರೆ ಸುತ್ತಿಗೆ 6400 ಹೆಜ್ಜೆ, 5 ಮಿ.ಮೀ. ಲೀಡಿನ ಸ್ಕ್ರೂವಿನಲ್ಲಿ ಒಂದು ಹೆಜ್ಜೆಗೆ ಒಂದು ಮೈಕ್ರಾನಿಗೂ ಕಡಿಮೆ. ಕಾಗದದ ಮೇಲೆ ಇದು ಅದ್ಭುತ ನಿಖರತೆ. ಆದರೆ ಒಂದೊಂದು ಮೈಕ್ರೋಸ್ಟೆಪ್ಪಿಗೆ ಮೋಟರ್ ಹೆಚ್ಚುವರಿಯಾಗಿ ಹಾಕಬಲ್ಲ ಬಲವೂ ಪಾಲಾಗುತ್ತದೆ: ನಿಲುಗಡೆ ಟಾರ್ಕಿನಲ್ಲಿ 8 ಪಾಲಿಗೆ ಶೇ 19.5, 16ಕ್ಕೆ ಶೇ 9.8, 32ಕ್ಕೆ ಶೇ 4.9 ಮಾತ್ರ. ಸ್ಕ್ರೂ, ನಟ್, ಬೇರಿಂಗುಗಳ ತಿಕ್ಕಾಟ ಅದಕ್ಕಿಂತ ಹೆಚ್ಚಿದ್ದರೆ ಮೊದಲ ಪಲ್ಸಿಗೆ ಏನೂ ಅಲುಗುವುದಿಲ್ಲ, ಎರಡನೆಯದಕ್ಕೂ ಇಲ್ಲ, ಮೂರನೆಯದಕ್ಕೆ ಮೂರೂ ಒಟ್ಟಿಗೆ ಜಾರುತ್ತವೆ. ಮೈಕ್ರೋಸ್ಟೆಪ್ ಕೊಡುವುದು ನಯವಾದ ಚಲನೆಯನ್ನು, ಕಡಿಮೆ ಸದ್ದನ್ನು, ಅನುರಣನದಿಂದ ಬಿಡುಗಡೆಯನ್ನು. ಅವೆಲ್ಲ ಬೇಕಾದವೇ. ಆದರೆ 8 ಅಥವಾ 16ರಲ್ಲೇ ಅವುಗಳ ಬಹುಪಾಲು ಸಿಕ್ಕಿಬಿಡುತ್ತದೆ, ಅದರಾಚೆ ಕೊಡುವ ಬೆಲೆ ಬೇರೆಡೆ ಕಾದಿರುತ್ತದೆ.

ಆ ಬೆಲೆ ಪಲ್ಸುಗಳ ವೇಗ. ಮಿಲಿಮೀಟರಿಗೆ ಎಷ್ಟು ಪಲ್ಸ್ ಎಂಬ ಅಂಕಿ ಬರುವುದು ಸರಳ ಭಾಗಾಕಾರದಿಂದ: ಸುತ್ತಿಗೆ ಎಷ್ಟು ಮೈಕ್ರೋಸ್ಟೆಪ್ಪೋ ಅದನ್ನು ಲೀಡಿನಿಂದ ಭಾಗಿಸಿ. 8 ಪಾಲಿಗೆ 1600 ಭಾಗಿಸು 5, ಅಂದರೆ 320. 16 ಪಾಲಿಗೆ 640, 32ಕ್ಕೆ 1280. ಈಗ ನಿಮಿಷಕ್ಕೆ 3000 ಮಿ.ಮೀ. ವೇಗ ಬೇಕೆನ್ನಿ, ಅಂದರೆ ಸೆಕೆಂಡಿಗೆ 50 ಮಿ.ಮೀ. 640ರಲ್ಲಿ ಸೆಕೆಂಡಿಗೆ 32,000 ಪಲ್ಸ್ ಬೇಕು. ಊನೊ ಮೇಲೆ ಜಿಆರ್‌ಬಿಎಲ್ ಕೊಡಬಲ್ಲದ್ದು ಸುಮಾರು 30,000. 1280 ಇಟ್ಟವರ ಯಂತ್ರ ನಿಮಿಷಕ್ಕೆ 1400 ಮಿ.ಮೀ. ದಾಟುವುದೇ ಇಲ್ಲ, ಆಮೇಲೆ ಅವರು ಮೋಟರನ್ನು ದೂರುತ್ತಾರೆ. 320ರಲ್ಲಿ 16,000 ಪಲ್ಸ್ ಸಾಕು, ಅರ್ಧದಷ್ಟು ಉಸಿರು ಉಳಿದಿರುತ್ತದೆ. ಮ್ಯಾಕ್3 ಬಳಸುವವರಿಗೆ ಇದೇ ಮಿತಿ ಕರ್ನಲ್ ವೇಗವೆಂಬ ಹೆಸರಲ್ಲಿ ಎದುರಾಗುತ್ತದೆ. ಅಲ್ಲಿ ಸಾಮಾನ್ಯ ಆಯ್ಕೆಯಾದ 25,000 ಹರ್ಟ್ಸ್‌ನಲ್ಲಿ 640ರ ಯಂತ್ರ ಸೆಕೆಂಡಿಗೆ 39 ಮಿ.ಮೀ.ಗೆ ಮುಗಿಯುತ್ತದೆ. ಪ್ಯಾರಲಲ್ ಪೋರ್ಟಿನ ಲಿನಕ್ಸ್‌ಸಿಎನ್‌ಸಿಯಲ್ಲಿ ಕಂಪ್ಯೂಟರಿನ ಲೇಟೆನ್ಸಿ ಪರೀಕ್ಷೆಯೇ ಈ ಮಿತಿಯನ್ನು ನಿರ್ಧರಿಸುತ್ತದೆ. ಪಕ್ಕದ ಮನೆಯ ಕಂಪ್ಯೂಟರಿನ ಲೇಟೆನ್ಸಿ ಅಂಕಿ ನಿಮಗೆ ಏನೂ ಹೇಳುವುದಿಲ್ಲ. ನನ್ನ ಒಲವು ನಮ್ಮ ಉದಾಹರಣೆಯ ಯಂತ್ರಕ್ಕೆ 8ರ ಕಡೆಗೆ. ಸ್ವಿಚ್ಚನ್ನು ವಿದ್ಯುತ್ ತೆಗೆದೇ ಬದಲಿಸಿ.

ಮೇಲಿನ 320 ಅನ್ನು ಜಿಆರ್‌ಬಿಎಲ್‌ನ $100, $101, $102 ಖಾನೆಗಳಿಗೆ ಬರೆಯುವಾಗ ಅನುಭವಸ್ಥರಿಂದಲೇ ಒಂದು ಆಕ್ಷೇಪ ಬರುತ್ತದೆ. ಲೆಕ್ಕ ಯಾಕೆ, 100 ಮಿ.ಮೀ. ಸರಿಸು ಎಂದು ಆಜ್ಞೆ ಕೊಟ್ಟು, ಎಷ್ಟು ಸರಿಯಿತೆಂದು ವರ್ನಿಯರಿನಲ್ಲಿ ಅಳೆದು, ಆ ಪ್ರಮಾಣದಲ್ಲಿ ಅಂಕಿಯನ್ನು ತಿದ್ದಿದರೆ ಆಯಿತಲ್ಲ ಎಂದು. ಕೇಳಲು ಇದು ಪ್ರಾಯೋಗಿಕವಾಗಿದೆ, ಬಹುತೇಕ ಕಡೆ ಹೇಳಿಕೊಡುವುದೂ ಇದನ್ನೇ. 99.8 ಬಂದರೆ 320 ಅನ್ನು 320.64 ಮಾಡಬೇಕಂತೆ. ಆದರೆ ಆ 0.2 ಮಿ.ಮೀ. ಎಲ್ಲಿಂದ ಬಂತು? ಸಾಮಾನ್ಯವಾಗಿ ಸಿಗುವ ಸಿ7 ದರ್ಜೆಯ ಬಾಲ್‌ಸ್ಕ್ರೂವಿಗೆ 300 ಮಿ.ಮೀ. ಉದ್ದಕ್ಕೆ 0.05 ಮಿ.ಮೀ. ತಪ್ಪಿಗೆ ಮಾತ್ರ ಅವಕಾಶ. 100 ಮಿ.ಮೀ.ನಲ್ಲಿ 0.2 ತಪ್ಪು ಸ್ಕ್ರೂವಿನದಾಗಿರಲು ಸಾಧ್ಯವಿಲ್ಲ. ಅದು ನಟ್ಟಿನ ಸಡಿಲ, ಕಪ್ಲಿಂಗಿನ ಜಾರುವಿಕೆ, ಕಳೆದುಹೋದ ಹೆಜ್ಜೆ, ಇಲ್ಲವೇ ವರ್ನಿಯರ್ ಹಿಡಿದ ಕೈಯ ಓರೆ. ಅಂಕಿ ತಿದ್ದಿದಾಗ ನೀವು ಒಂದು ದೋಷವನ್ನು ಸರಿಪಡಿಸಿಲ್ಲ, ಅದನ್ನು ಪ್ರತಿ ಮಿಲಿಮೀಟರಿಗೂ ಹಂಚಿ ಹೂತಿದ್ದೀರಿ. 100 ಮಿ.ಮೀ.ನಲ್ಲಿ ಸರಿಕಂಡ ಯಂತ್ರ 300ರಲ್ಲಿ ಅಳತೆಗಿಂತ ಉದ್ದ ಕೊರೆಯುತ್ತದೆ. ಅಳತೆಯ ಕೆಲಸ ಲೆಕ್ಕವನ್ನು ಬದಲಿಸುವುದಲ್ಲ, ಯಂತ್ರದಲ್ಲಿ ಏನು ಕೆಟ್ಟಿದೆ ಎಂದು ತೋರಿಸುವುದು.

ಈ ವಾದಕ್ಕೆ ಒಂದು ನ್ಯಾಯವಾದ ವಿನಾಯಿತಿಯಿದೆ. ಬೆಲ್ಟಿನ ಯಂತ್ರಗಳಲ್ಲಿ ಎಳೆತಕ್ಕೆ ತಕ್ಕಂತೆ ಪಿಚ್ ತುಸು ಬದಲಾಗುತ್ತದೆ. ಅಲ್ಲಿ 2 ಮಿ.ಮೀ. ಪಿಚ್ಚಿನ ಬೆಲ್ಟಿಗೆ 20 ಹಲ್ಲಿನ ಪುಲ್ಲಿ, 16 ಪಾಲು ಮೈಕ್ರೋಸ್ಟೆಪ್ ಎಂದರೆ ಲೆಕ್ಕದ ಪ್ರಕಾರ 80. ಉದ್ದದ ಅಳತೆಯೊಂದನ್ನು ತೆಗೆದುಕೊಂಡು, ಒಂದೇ ದಿಕ್ಕಿನಿಂದ ಬಂದು, ಅದನ್ನು ನವಿರಾಗಿ ತಿದ್ದುವುದು ಸರಿಯೇ. ಆದರೂ ಮೊದಲು 80 ಬರೆಯಬೇಕು, ಆಮೇಲೆ ತಿದ್ದಬೇಕು. ಇನ್ನೊಂದು ಮಾತು: ಅಳತೆ ಸಣ್ಣದಾಗಿ ತಪ್ಪಿದರೆ ಯಂತ್ರವನ್ನು ಅನುಮಾನಿಸಿ, ದೊಡ್ಡದಾಗಿ ತಪ್ಪಿದರೆ ನಿಮ್ಮ ಲೆಕ್ಕವನ್ನು. ಸರಿಯಾಗಿ ಎರಡು ಪಟ್ಟು ತಪ್ಪಿದ್ದರೆ ಯಾವುದೋ ಡಿಪ್ ಸ್ವಿಚ್ ಮೇಲೆ ಕೆಳಗೆ ಆಗಿದೆ. ನಾಲ್ಕು ಪಟ್ಟು ಆಗಿದ್ದರೆ ಬಹುಶಃ ಟಿಆರ್8 ಲೀಡ್‌ಸ್ಕ್ರೂವಿನ ಪಿಚ್ಚನ್ನೇ ಲೀಡ್ ಎಂದುಕೊಂಡಿದ್ದೀರಿ. ಅದರ ಎಳೆಗಳ ನಡುವಿನ ಅಂತರ 2 ಮಿ.ಮೀ., ಆದರೆ ನಾಲ್ಕು ಎಳೆಗಳು ಒಟ್ಟಿಗೆ ಸುತ್ತಿರುವುದರಿಂದ ಒಂದು ಸುತ್ತಿಗೆ 8 ಮಿ.ಮೀ. ಮುಂದೆ ಹೋಗುತ್ತದೆ. 25.4 ಪಟ್ಟು ಕಂಡರೆ ಎಲ್ಲೋ ಇಂಚು ನುಸುಳಿದೆ.

ಇನ್ನು ಅತಿ ಕಡಿಮೆ ಜನ ಮುಟ್ಟುವ, ಅತಿ ಹೆಚ್ಚು ತಲೆ ತಿನ್ನುವ ಭಾಗ: ಪಲ್ಸಿನ ಸಮಯ ಮತ್ತು ದಿಕ್ಕು. ಡ್ರೈವರ್ ಪಲ್ಸಿನ ಒಂದು ಅಂಚಿನಲ್ಲಿ ಮಾತ್ರ ಹೆಜ್ಜೆ ಇಡುತ್ತದೆ, ಏರುವ ಅಂಚು ಅಥವಾ ಇಳಿಯುವ ಅಂಚು. ಆ ಹೊತ್ತಿಗೆ ದಿಕ್ಕಿನ ಸಂಕೇತ ಆಗಲೇ ನೆಲೆನಿಂತಿರಬೇಕು. ಎಷ್ಟು ಮುಂಚೆ ಎಂಬುದನ್ನು ಡ್ರೈವರಿನ ಹಾಳೆ ಹೇಳುತ್ತದೆ. ಎ4988ಕ್ಕೆ ಪಲ್ಸ್ 1 ಮೈಕ್ರೊಸೆಕೆಂಡ್ ಅಗಲವಿದ್ದರೆ ಸಾಕು, ಡಿಆರ್‌ವಿ8825ಕ್ಕೆ 1.9 ಬೇಕು, ಡಿಎಂ542 ಬಗೆಯ ಪೆಟ್ಟಿಗೆಗಳಿಗೆ 2.5 ಬೇಕು, ದಿಕ್ಕಿಗೆ ಇನ್ನೂ ಹೆಚ್ಚು. ಪೆಟ್ಟಿಗೆಯ ಒಳಗೆ ಆಪ್ಟೊಕಪ್ಲರ್ ಕೂತಿರುವುದರಿಂದ, ಅದು ಹೊತ್ತಿಕೊಳ್ಳುವುದಕ್ಕೂ ಆರುವುದಕ್ಕೂ ಬೇರೆ ಬೇರೆ ಹೊತ್ತು ಹಿಡಿಯುವುದರಿಂದ ಈ ಎಚ್ಚರ ಬೇಕು. ಜಿಆರ್‌ಬಿಎಲ್‌ನ $0 ಖಾನೆಯಲ್ಲಿ ಪಲ್ಸಿನ ಅಗಲ ಮೊದಲೇ 10 ಮೈಕ್ರೊಸೆಕೆಂಡ್ ಇರುತ್ತದೆ. 30,000 ಹರ್ಟ್ಸ್‌ನಲ್ಲೂ ಎರಡು ಪಲ್ಸುಗಳ ನಡುವೆ 33 ಮೈಕ್ರೊಸೆಕೆಂಡ್ ಇರುವುದರಿಂದ ಅದು ಆರಾಮಾಗಿ ಕೂರುತ್ತದೆ, ಇಳಿಸುವ ಅಗತ್ಯವಿಲ್ಲ. ದಿಕ್ಕಿನ ಪಿನ್ನನ್ನು ಮಾತ್ರ ಅದು ಪಲ್ಸಿಗೆ ತೀರಾ ಹತ್ತಿರದಲ್ಲಿ ಬದಲಿಸುತ್ತದೆ. ನಿಧಾನದ ಡ್ರೈವರಿಗೆ ಅದು ಸಾಲದಿದ್ದರೆ ಮೂಲ ಕಡತದಲ್ಲಿ ಸ್ಟೆಪ್ ಪಲ್ಸ್ ಡಿಲೇ ಎಂಬ ಸಾಲನ್ನು ತೆರೆದು ಮತ್ತೆ ಕಂಪೈಲ್ ಮಾಡಬೇಕು. ಲಿನಕ್ಸ್‌ಸಿಎನ್‌ಸಿಯ ಸ್ಟೆಪ್‌ಕಾನ್ಫ್ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಪಲ್ಸಿನ ಅಗಲ, ಪಲ್ಸುಗಳ ನಡುವಿನ ಬಿಡುವು, ದಿಕ್ಕಿನ ಮುಂಚಿನ ಮತ್ತು ನಂತರದ ಸಮಯ, ನಾಲ್ಕನ್ನೂ ಬೇರೆ ಬೇರೆಯಾಗಿ ಕೇಳುತ್ತದೆ. ಆದರೆ ನ್ಯಾನೊಸೆಕೆಂಡಿನಲ್ಲಿ, ಅಂದರೆ 5 ಮೈಕ್ರೊಸೆಕೆಂಡಿಗೆ 5000.

ವೈರು ಜೋಡಿಸುವ ಬಗೆಯೂ ಇಲ್ಲಿ ಸೇರಿಕೊಳ್ಳುತ್ತದೆ. ಪೆಟ್ಟಿಗೆಯ ಎಲ್ಲ ಮೈನಸ್ ತುದಿಗಳನ್ನು ಗ್ರೌಂಡಿಗೆ ಕಟ್ಟಿದರೆ ಪಿನ್ ಮೇಲೇರಿದಾಗ ಹೆಜ್ಜೆ ಬೀಳುತ್ತದೆ. ಎಲ್ಲ ಪ್ಲಸ್ ತುದಿಗಳನ್ನು 5 ವೋಲ್ಟಿಗೆ ಕಟ್ಟಿದರೆ ಎಲ್ಲವೂ ತಲೆಕೆಳಗು. ಆಗ $2 ಖಾನೆಯಲ್ಲಿ ಮೂರೂ ಅಕ್ಷಗಳ ಪಲ್ಸನ್ನು ತಿರುಗಿಸಲು 7 ಎಂದು ಬರೆಯಬೇಕು. ಎಕ್ಸ್‌ಗೆ 1, ವೈಗೆ 2, ಝಡ್‌ಗೆ 4, ಮೂರರ ಮೊತ್ತವೇ ಈ ಏಳು. ಮ್ಯಾಕ್3ರಲ್ಲಿ ಪೋರ್ಟ್ಸ್ ಆ್ಯಂಡ್ ಪಿನ್ಸ್ ಪುಟದ ಸ್ಟೆಪ್ ಲೋ ಆ್ಯಕ್ಟಿವ್ ಗುರುತು ಇದೇ ಕೆಲಸದ್ದು. ಬರೆಯದಿದ್ದರೂ ಮೋಟರ್ ತಿರುಗುತ್ತದೆ, ಮೋಸ ಇರುವುದೇ ಅಲ್ಲಿ. ಎನೇಬಲ್ ತುದಿಯಲ್ಲಿ ಇದಕ್ಕಿಂತ ಸೋಜಿಗದ ಪ್ರಸಂಗ ನಡೆಯುತ್ತದೆ. ಈ ಪೆಟ್ಟಿಗೆಗಳಲ್ಲಿ ಎನೇಬಲ್‌ಗೆ ಕರೆಂಟ್ ಹರಿದರೆ ಮೋಟರ್ ಬಿಡುಗಡೆಯಾಗುತ್ತದೆ. ಪ್ಲಸ್ ಕಡೆ ಒಟ್ಟಾಗಿ ಕಟ್ಟಿದವರ ಯಂತ್ರದಲ್ಲಿ ಜಿಆರ್‌ಬಿಎಲ್ ‘ಚಾಲೂ’ ಎಂದಾಗ ಡ್ರೈವರ್ ‘ಬಂದ್’ ಎಂದು ಕೇಳಿಸಿಕೊಳ್ಳುತ್ತದೆ. ಬೋರ್ಡ್ ಸುಟ್ಟಿದೆ ಎಂದು ಹೊಸದು ಕೊಳ್ಳುವ ಮುನ್ನ ಎನೇಬಲ್ ವೈರನ್ನು ಕಳಚಿ ನೋಡಿ. ಜೋಡಿಸದೆ ಬಿಟ್ಟ ಎನೇಬಲ್ ಎಂದರೆ ಸದಾ ಚಾಲೂ ಎಂದೇ ಅರ್ಥ. ಹಾಗೆಯೇ $1 ಖಾನೆಯಲ್ಲಿ 25 ಮಿಲಿಸೆಕೆಂಡಿನ ಬದಲು 255 ಬರೆದರೆ ಮೋಟರುಗಳು ನಿಂತಾಗಲೂ ಹಿಡಿತ ಬಿಡುವುದಿಲ್ಲ. ಭಾರದ ಸ್ಪಿಂಡಲ್ ಹೊತ್ತ ಝಡ್ ಅಕ್ಷಕ್ಕೆ ಇದು ಅವಶ್ಯ.

ವೇಗ ಮತ್ತು ವೇಗೋತ್ಕರ್ಷ ಕೊನೆಗೆ ಬರಬೇಕು, ಏಕೆಂದರೆ ಅವು ಮೇಲಿನ ಎಲ್ಲವನ್ನೂ ಅವಲಂಬಿಸಿವೆ. ಎಲ್ಲರೂ ವೇಗದ ಖಾನೆಯನ್ನೇ ಮೊದಲು ಹಿಗ್ಗಿಸುತ್ತಾರೆ. ಆದರೆ ಕೆಲಸ ಬೇಗ ಮುಗಿಸುವುದು ಹೆಚ್ಚಾಗಿ ವೇಗೋತ್ಕರ್ಷ. ಜಿಆರ್‌ಬಿಎಲ್‌ನಲ್ಲಿ ಅದು ಮೊದಲಿಗೆ 10 ಇರುತ್ತದೆ. ಸೆಕೆಂಡಿಗೆ 50 ಮಿ.ಮೀ. ವೇಗ ಮುಟ್ಟಲು ಆ ಅಂಕಿಯಲ್ಲಿ 125 ಮಿ.ಮೀ. ದೂರ ಬೇಕು, ನಿಲ್ಲಲು ಇನ್ನೊಂದು 125. ಅಂಗೈಯಗಲದ ಕೆತ್ತನೆಯಲ್ಲಿ ಆ ವೇಗ ಒಮ್ಮೆಯೂ ಬರುವುದಿಲ್ಲ. 200 ಇಟ್ಟರೆ 6.25 ಮಿ.ಮೀ.ನಲ್ಲೇ ಮುಟ್ಟುತ್ತದೆ. ಎಲ್ಲಿಯವರೆಗೆ ಏರಿಸಬಹುದು ಎಂಬುದನ್ನು ಯಾವ ಸೂತ್ರವೂ ಸರಿಯಾಗಿ ಹೇಳದು, ಏಕೆಂದರೆ ಗ್ಯಾಂಟ್ರಿಯ ತೂಕ, ರೈಲಿನ ತಿಕ್ಕಾಟ, ಸಪ್ಲೈ ಎಲ್ಲವೂ ಅದರಲ್ಲಿ ಸೇರಿವೆ. ಇಲ್ಲಿ ಮಾತ್ರ ಪರೀಕ್ಷೆಯೇ ಗುರು. ವೇಗೋತ್ಕರ್ಷವನ್ನು ಕಡಿಮೆ ಇಟ್ಟು ಮೊದಲು ವೇಗದ ಮಿತಿಯನ್ನು ಹುಡುಕಿ, ಆಮೇಲೆ ಆ ವೇಗದಲ್ಲಿ ವೇಗೋತ್ಕರ್ಷದ ಮಿತಿಯನ್ನು ಹುಡುಕಿ, ಎರಡರಲ್ಲೂ ಸಿಕ್ಕಿದ್ದರ ಮುಕ್ಕಾಲು ಪಾಲಿಗಿಂತ ಹೆಚ್ಚು ಇಡಬೇಡಿ. ಖಾಲಿ ಓಡುವಾಗ ಹುಡುಕಿದ ಮಿತಿಯಲ್ಲಿ ಕಟರ್ ಮರಕ್ಕಿಳಿದ ಹೊರೆ ಸೇರಿಲ್ಲವಲ್ಲ. ಎರವಲು ತರುವವರಿಗೆ ಇಲ್ಲೂ ಒಂದು ಹೊಂಡವಿದೆ: ಜಿಆರ್‌ಬಿಎಲ್ ಮತ್ತು ಮ್ಯಾಕ್3 ವೇಗವನ್ನು ನಿಮಿಷಕ್ಕೆ ಇಷ್ಟು ಎಂದು ಕೇಳುತ್ತವೆ, ಲಿನಕ್ಸ್‌ಸಿಎನ್‌ಸಿ ಸೆಕೆಂಡಿಗೆ ಇಷ್ಟು ಎಂದು. ಒಂದರ 3000 ಇನ್ನೊಂದರ 50.

ಪರದೆ ಸುಳ್ಳು ಹೇಳುತ್ತಿದೆಯೇ ಎಂದು ತಿಳಿಯಲು ಒಂದು ಡಯಲ್ ಗೇಜ್ ಸಾಕು. ಅಕ್ಷವನ್ನು ಗೇಜಿಗೆ ತಾಗಿಸಿ ಸೊನ್ನೆ ಮಾಡಿ, ಪೂರ್ಣ ವೇಗದಲ್ಲಿ ಹಿಂದೆ ಮುಂದೆ ನೂರಾರು ಬಾರಿ ಓಡುವ ಪ್ರೋಗ್ರಾಂ ಹಾಕಿ, ಅದೇ ದಿಕ್ಕಿನಿಂದ ಮರಳಿ ಸೊನ್ನೆಗೆ ಬನ್ನಿ. ಗೇಜ್ ತೋರಿಸುವ ತಪ್ಪಿನ ಗಾತ್ರವೇ ತಪ್ಪಿತಸ್ಥನ ಹೆಸರನ್ನು ಹೇಳುತ್ತದೆ. ಸ್ಟೆಪರ್ ಮೋಟರ್ ಹಿಡಿತ ತಪ್ಪಿ ಜಾರಿದಾಗ ಮನಬಂದಷ್ಟು ಜಾರುವುದಿಲ್ಲ. ಸುರುಳಿಗಳ ಕರೆಂಟ್ ನಾಲ್ಕು ಪೂರ್ಣ ಹೆಜ್ಜೆಗೊಮ್ಮೆ ಮೊದಲಿನ ಸ್ಥಿತಿಗೆ ಮರಳುವುದರಿಂದ ರೋಟರ್ ನಾಲ್ಕರ ಗುಣಕದಲ್ಲೇ ಮತ್ತೆ ನೆಲೆ ಕಾಣುತ್ತದೆ. 5 ಮಿ.ಮೀ. ಲೀಡಿನಲ್ಲಿ ನಾಲ್ಕು ಹೆಜ್ಜೆ ಎಂದರೆ 0.1 ಮಿ.ಮೀ. ಹಾಗಾಗಿ ತಪ್ಪು 0.1, 0.2, 0.3 ಎಂದು ಮೆಟ್ಟಿಲಿನಂತೆ ಬಂದರೆ ಟಾರ್ಕ್ ಸಾಲುತ್ತಿಲ್ಲ, ವೇಗೋತ್ಕರ್ಷ ಇಳಿಸಿ ಅಥವಾ ಕರೆಂಟ್ ನೋಡಿ. ತಪ್ಪು ತೀರಾ ಸಣ್ಣದಾಗಿ ಶುರುವಾಗಿ, ದಿಕ್ಕು ಬದಲಾದಷ್ಟೂ ಒಂದೇ ಕಡೆಗೆ ಬೆಳೆಯುತ್ತಿದ್ದರೆ ಅದು ಪಲ್ಸಿನ ಸಮಯದ್ದೋ ತಲೆಕೆಳಗಾದ ಅಂಚಿನದ್ದೋ ದೋಷ. 8 ಪಾಲಿನಲ್ಲಿ ಒಂದು ಮೈಕ್ರೋಸ್ಟೆಪ್ ಅಂದರೆ 0.003 ಮಿ.ಮೀ., ಕಣ್ಣಿಗೆ ಕಾಣದ್ದು. ಹೋಗಿ ಬರುವ ಪ್ರತಿ ಸಲಕ್ಕೂ ಒಂದೇ ಒಂದು ಕಳೆದರೂ 400 ಸಲಕ್ಕೆ 1.25 ಮಿ.ಮೀ. ಆಗುತ್ತದೆ. ಸಾವಿರಾರು ಬಾರಿ ಮೇಲೆ ಕೆಳಗೆ ಹೋಗುವ ಝಡ್ ಅಕ್ಷದಲ್ಲಿ ಕೆತ್ತನೆಯ ಆಳ ಕ್ರಮೇಣ ಬದಲಾಗುವುದು ಹೀಗೆಯೇ, ಇದಕ್ಕೆ ವೇಗ ಇಳಿಸಿ ಪ್ರಯೋಜನವಿಲ್ಲ. ಮೂರನೆಯದಾಗಿ, ಒಂದೇ ದಿಕ್ಕಿನಿಂದ ಬಂದಾಗ ಸೊನ್ನೆ ಸರಿಯಾಗಿ ಸಿಕ್ಕು, ಎದುರು ದಿಕ್ಕಿನಿಂದ ಬಂದಾಗ ಮಾತ್ರ ಪ್ರತಿ ಸಲವೂ ಅಷ್ಟೇ ವ್ಯತ್ಯಾಸ ಕಂಡರೆ ಅದು ಬ್ಯಾಕ್‌ಲ್ಯಾಷ್. ಮ್ಯಾಕ್3 ಮತ್ತು ಲಿನಕ್ಸ್‌ಸಿಎನ್‌ಸಿಯಲ್ಲಿ ಅದನ್ನು ಸರಿದೂಗಿಸುವ ಖಾನೆಯಿದೆ, ಜಿಆರ್‌ಬಿಎಲ್‌ನಲ್ಲಿ ಇಲ್ಲ. ಇದ್ದರೂ ನಟ್ಟನ್ನು ಬಿಗಿ ಮಾಡುವುದೇ ಮೇಲು. ಈ ಯಾವ ಲೆಕ್ಕಕ್ಕೂ ಸಿಗದ ತಪ್ಪು ಬಂದರೆ ಕಪ್ಲಿಂಗಿನ ಗ್ರಬ್ ಸ್ಕ್ರೂ ನೋಡಿ.

ಇಷ್ಟೆಲ್ಲ ತಲೆನೋವು ಏಕೆ, ಎನ್‌ಕೋಡರ್ ಇರುವ ಕ್ಲೋಸ್ಡ್ ಲೂಪ್ ಸ್ಟೆಪರ್ ಹಾಕಿದರೆ ಮುಗಿಯಿತಲ್ಲ ಎಂಬುದು ಬಲವಾದ ಆಕ್ಷೇಪ, ಬೆಲೆ ಇಳಿದಂತೆ ಇನ್ನಷ್ಟು ಬಲವಾಗುತ್ತಿದೆ. ಸಾಧ್ಯವಿದ್ದರೆ ಹಾಕಿ ಎಂದೇ ನಾನೂ ಹೇಳುತ್ತೇನೆ. ಆದರೆ ಈ ಬಗೆಯ ಸಾಮಾನ್ಯ ಕಿಟ್ಟುಗಳಲ್ಲಿ ಎನ್‌ಕೋಡರಿನ ವೈರು ಹೋಗುವುದು ಡ್ರೈವರಿಗೆ, ತಂತ್ರಾಂಶಕ್ಕಲ್ಲ. ಮೋಟರ್ ಹಿಂದೆ ಬಿದ್ದರೆ ಡ್ರೈವರ್ ಎಳೆದು ತರಲು ನೋಡುತ್ತದೆ, ಆಗದಿದ್ದರೆ ಅಲಾರಂ ತುದಿಯಲ್ಲಿ ಸಂಕೇತ ಕೊಡುತ್ತದೆ. ಆ ತುದಿಯನ್ನು ನಿಯಂತ್ರಕದ ನಿಲುಗಡೆಯ ಪಿನ್ನಿಗೆ ಕಟ್ಟದಿದ್ದರೆ ಒಂದು ಅಕ್ಷ ನಿಂತು ಉಳಿದೆರಡು ಅಕ್ಷಗಳು ಮರವನ್ನು ಕೊರೆಯುತ್ತಲೇ ಇರುತ್ತವೆ, ಪರದೆ ಎಂದಿನಂತೆ ಅಂಕಿ ಏರಿಸುತ್ತಿರುತ್ತದೆ. ಮಿಲಿಮೀಟರಿಗೆ ಎಷ್ಟು ಪಲ್ಸ್, ಯಾವ ಅಂಚು, ಎಷ್ಟು ವೇಗ ಎಂಬ ಪ್ರಶ್ನೆಗಳಂತೂ ಒಂದೂ ಕಡಿಮೆಯಾಗುವುದಿಲ್ಲ.

ಕಾರ್ಖಾನೆಯಲ್ಲೇ ಅಂಕಿ ತುಂಬಿ ಬಂದ ಕಿಟ್ಟುಗಳ ಬಗ್ಗೆಯೂ ಕೇಳಬಹುದು. 3018 ಹೆಸರಿನ ಪುಟ್ಟ ಯಂತ್ರಗಳಲ್ಲಿ $100ರ ಬೆಲೆ 800 ಎಂದಿರುತ್ತದೆ, 4 ಮಿ.ಮೀ. ಲೀಡ್, 16 ಪಾಲು, 3200 ಭಾಗಿಸು 4, ಲೆಕ್ಕ ಸರಿಯಾಗಿಯೇ ಇದೆ. ಅದು ಆ ಯಂತ್ರಕ್ಕೆಂದೇ ಹುಟ್ಟಿದ ಅಂಕಿ, ಮುಟ್ಟುವ ಕಾರಣವಿಲ್ಲ. ಬೋರ್ಡನ್ನೋ ಸ್ಕ್ರೂವನ್ನೋ ಬದಲಿಸಿದ ದಿನ ಮಾತ್ರ ಅದು ಎರವಲು ಅಂಕಿಯಾಗಿಬಿಡುತ್ತದೆ. ಹಾಗೆ ಬದಲಿಸುವ ಮುನ್ನ $$ ಎಂದು ಬರೆದು ಬರುವ ಇಡೀ ಪಟ್ಟಿಯನ್ನು ಕಡತವಾಗಿ ಉಳಿಸಿ. ಕಂಟ್ರೋಲ್ ಪೆಟ್ಟಿಗೆಯ ಬಾಗಿಲ ಒಳಮೈಗೆ ಒಂದು ಹಾಳೆ ಅಂಟಿಸಿ, ಮೋಟರಿನ ಆಂಪಿಯರ್, ಸ್ಕ್ರೂವಿನ ಲೀಡ್, ಪ್ರತಿ ಡಿಪ್ ಸ್ವಿಚ್ಚಿನ ಸ್ಥಾನ, ಸೆನ್ಸ್ ರೆಸಿಸ್ಟರಿನ ಬೆಲೆ, ಪ್ಲಸ್ ಒಟ್ಟಿಗೋ ಮೈನಸ್ ಒಟ್ಟಿಗೋ ಎಂಬುದನ್ನು ಬರೆದಿಡಿ. ಮುಂದೊಂದು ದಿನ ಡ್ರೈವರ್ ಸುಟ್ಟು, ಅದೇ ಹೆಸರಿನ ಬೇರೆ ಬೋರ್ಡ್ ತಂದು ಕೂರಿಸುವವರು ಮೊದಲು ಹೋಲಿಸಿ ನೋಡಬೇಕಾದ್ದು ಆ ಹಾಳೆಯನ್ನು, ಆಮೇಲಷ್ಟೇ ವಿದ್ಯುತ್ ಕೊಡಬೇಕು.